ಅದು ಚಕ್ರದಿಂದ ಎಳೆಯುವ ದೋಣಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ ಕೆನಡಾ ಪ್ರವಾಸ ಲೇಖನದಲ್ಲಿ ಅಲ್ಗಾಂಕ್ವಿನ್ ಉದ್ಯಾನದ ಮರ ಕಡಿಯುವ ಕಸುಬಿನ ವಸ್ತುಸಂಗ್ರಹಾಲಯದಲ್ಲಿರುವ ‘ವಿಲಿಯಂ ಎಂ.’ ದೋಣಿಯ ಚಿತ್ರವಿತ್ತು. ‘ಪಕ್ಕದ ಚಕ್ರಗಳ ಬಲದಿಂದ ಸಾವಿರಾರು ದಿಮ್ಮಿ ಎಳೆಯುತ್ತಿದ್ದ ಮೊಸಳೆ ದೋಣಿ’ ಎಂಬುದು ಅದರ ಅಡಿಬರಹ. ಮೊಸಳೆ ಎಂದದ್ದಕ್ಕೆ ತಕರಾರಿಲ್ಲ. ಇಂಥ ದೋಣಿಗೆ ಅಲ್ಲಿ ಅಲಿಗೇಟರ್ ಎಂದೇ ಹೆಸರು; ಅಲಿಗೇಟರ್, ಕ್ರಾಕಡೈಲ್ ಎರಡೂ ನಮಗೆ ಮೊಸಳೆಯೇ. ತಪ್ಪಿರುವುದು ಚಕ್ರದ ವಿಷಯದಲ್ಲಿ. ನೀರು ತಳ್ಳುವ ಆ ಚಕ್ರಗಳು ದೋಣಿ ಓಡಾಡಲಿಕ್ಕೆ ಮಾತ್ರ. ದಿಮ್ಮಿ ಎಳೆಯುತ್ತಿದ್ದುದು ವಿಂಚ್, ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿ ಎಳೆಯುವ ಯಂತ್ರ.

ಮಲೆನಾಡಿನ ಓದುಗರಿಗೆ ಇದು ಬೇಗ ಅರ್ಥವಾದೀತು. ಕೆಸರಲ್ಲಿ ಹೂತ ಜೀಪಿನ ಆಕ್ಸಿಲರೇಟರ್ ಎಷ್ಟು ತುಳಿದರೂ ಚಕ್ರ ನಿಂತಲ್ಲೇ ತಿರುಗುತ್ತದೆ. ಎದುರಿನ ಮರಕ್ಕೆ ವಿಂಚ್ ಹಗ್ಗ ಕಟ್ಟಿದರೆ ಅದೇ ಎಂಜಿನ್ ಜೀಪನ್ನು ಮೇಲೆತ್ತುತ್ತದೆ. ನೀರಂತೂ ಕೆಸರಿಗಿಂತ ಕಡೆ. 20 ಅಶ್ವಶಕ್ತಿಯ ಎಂಜಿನ್ ಚಕ್ರದ ಮೂಲಕ ಕೊಡುವ ಎಳೆತ ಅಂದಾಜು 200ರಿಂದ 250 ಕಿಲೋ. ಅದೇ ಶಕ್ತಿಯಲ್ಲಿ ಸೆಕೆಂಡಿಗೆ ಕಾಲು ಮೀಟರಿನಂತೆ ಕೇಬಲ್ ಸುತ್ತಿದರೆ, ಅರ್ಧದಷ್ಟು ಗೇರಿನಲ್ಲೇ ಸೋರಿಹೋಯಿತೆಂದರೂ ಎಳೆತ 3 ಟನ್ ಸಿಗುತ್ತದೆ. ವೇಗ ಕಡಿಮೆ, ನಿಜ. ಒಂದು ಮೈಲಿ ಕೇಬಲ್ ಸುತ್ತಲು ಒಂದೂಮುಕ್ಕಾಲು ಗಂಟೆ ಬೇಕು. ಆದರೆ ದಿಮ್ಮಿಗಳಿಗೆ ಅವಸರವಿಲ್ಲ.

ಇದಕ್ಕೂ ಮೊದಲು ಅಲ್ಲಿನ ಸರೋವರಗಳಲ್ಲಿ ತೆಪ್ಪದ ಮೇಲೆ ಕಂಬದಂಥ ರಾಟೆ ನೆಟ್ಟು, ಗಾಣದ ಎತ್ತಿನ ಹಾಗೆ ಕುದುರೆಯನ್ನು ಸುತ್ತಿಸಿ ಲಂಗರಿನ ಹಗ್ಗ ಎಳೆಯುತ್ತಿದ್ದರು. ಎದುರುಗಾಳಿ ಬೀಸಿದರೆ ದಿನದ ದುಡಿಮೆಯೆಲ್ಲ ಹಿಂದಕ್ಕೆ. ಒಂಟಾರಿಯೊದ ಸಿಮ್ಕೊ ಊರಿನ ಜಾನ್ ಸೀಬರ್ನ್ ವೆಸ್ಟ್, ಮರದ ವ್ಯಾಪಾರಿ ಜೋಸೆಫ್ ಜಾಕ್ಸನ್ ಕೇಳಿಕೊಂಡ ಮೇಲೆ, 1889ರಲ್ಲಿ ಆ ಕುದುರೆಯ ಜಾಗಕ್ಕೆ ಉಗಿ ಎಂಜಿನ್ ತಂದರು. ಅವರ ವೆಸ್ಟ್ ಅಂಡ್ ಪೀಚಿ ಹಡಗುಕಟ್ಟೆಯೇ ಅಲ್ಲ, ಎರಕದ ಕಾರ್ಖಾನೆ. ನನ್ನ ದೃಷ್ಟಿಯಲ್ಲಿ ಅದೇ ಅವರಿಗೆ ಅನುಕೂಲವಾಯಿತು. ಹಡಗು ಕಟ್ಟುವವನು ಮೊದಲು ಒಡಲಿನ ಅಂದ ನೋಡುತ್ತಾನೆ. ಇವರು ವಿಂಚ್ ಮಾಡಿ, ಅದು ತೇಲಲೆಂದು ಸುತ್ತ ಚಪ್ಪಟೆ ತಳದ ಮರದ ಪೆಟ್ಟಿಗೆ ಕಟ್ಟಿದರು. ಡ್ರಮ್ಮಿನಲ್ಲಿ ಸುಮಾರು ಒಂದು ಮೈಲಿ ಉಕ್ಕಿನ ಕೇಬಲ್. ಲಂಗರನ್ನೋ ದಂಡೆಯ ಮರವನ್ನೋ ಆಧಾರ ಮಾಡಿಕೊಂಡು, ಚಕ್ರದ ಕ್ಲಚ್ ಬಿಡಿಸಿ, ಡ್ರಮ್ ತಿರುಗಿಸುವುದೇ ಕೆಲಸ. ತಳ ಬರೀ ರಾಡಿಯಾಗಿದ್ದರೆ ಲಂಗರೇ ಕಿತ್ತುಕೊಂಡು ಬರುತ್ತದೆ. ಆಗ ಮರವೇ ಗತಿ.

ಒಂದು ಸರೋವರದಿಂದ ಇನ್ನೊಂದಕ್ಕೆ ಅದು ನೆಲದ ಮೇಲೇ ಹೋಗುತ್ತಿತ್ತೆಂದು ಲೇಖನ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದೆ. ಅಲ್ಲೂ ವಿಂಚೇ. ದಾರಿಗೆ ಅಡ್ಡಡ್ಡ ದಿಮ್ಮಿ ಹಾಸಿ, ಮುಂದಿನ ಮರಕ್ಕೆ ಕೇಬಲ್ ಕಟ್ಟಿ, ಉಕ್ಕಿನ ಪಟ್ಟಿ ಬಡಿದ ತಳದ ಮೇಲೆ ದೋಣಿ ತನ್ನನ್ನು ತಾನೇ ಎಳೆದುಕೊಳ್ಳುತ್ತಿತ್ತು. ಏರು ಹೆಚ್ಚಿದ್ದರೆ ಮರಕ್ಕೊಂದು ಕಪ್ಪಿ ಕಟ್ಟಿ, ಅದರ ಮೂಲಕ ಕೇಬಲನ್ನು ದೋಣಿಗೇ ಮರಳಿ ತಂದು ಬಿಗಿಯಬೇಕು: ಎಳೆತ ಇಮ್ಮಡಿ, ವೇಗ ಅರ್ಧ. ಅಪಾಯವಿದ್ದದ್ದು ಬಾಯ್ಲರಿನಲ್ಲಿ. ದೋಣಿ ಮೂತಿ ಮೇಲೆತ್ತಿದರೆ ಬಾಯ್ಲರಿನ ನೀರು ಒಂದು ಕಡೆಗೆ ಸರಿದು ಒಲೆಯ ಮೇಲಿನ ತಗಡು ಬರಿದಾಗುತ್ತದೆ. ಕೆಂಪಗೆ ಕಾದ ಆ ತಗಡು ಒತ್ತಡ ತಡೆಯಲಾರದೆ ಕುಸಿದರೆ ಬಾಯ್ಲರೇ ಸಿಡಿಯುತ್ತದೆ. ಅದಕ್ಕೆಂದೇ ಬಾಯ್ಲರನ್ನು ಓಲಾಡುವಂತೆ ಕೂರಿಸಿ, ಏರಿಳಿತಕ್ಕೆ ತಕ್ಕಂತೆ ಸ್ಕ್ರೂ ತಿರುಗಿಸಿ ಮಟ್ಟ ಕಾಯುತ್ತಿದ್ದರು. ಇಡೀ ದೋಣಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಆ ಸ್ಕ್ರೂ.

1930ರ ದಶಕದಲ್ಲಿ ಇವುಗಳ ತಯಾರಿ ನಿಂತಿತು. ಆದರೆ ಕಸುಬು ನಿಲ್ಲಲಿಲ್ಲ. ಫೋರ್ಟ್ ಫ್ರಾನ್ಸಿಸ್‌ನಿಂದ 1937ರಲ್ಲಿ ಓವನ್ ಸೌಂಡ್‌ಗೆ ಬಂದ ರಸಲ್ ಬ್ರದರ್ಸ್ ಎಂಬ ಕುಟುಂಬದ ಕಂಪನಿ, ಬೇರೆ ದೋಣಿ, ದಿಮ್ಮಿಗಳನ್ನು ಎಳೆಯುವ ಸಣ್ಣ ಟಗ್‌ಗಳನ್ನು ಉಕ್ಕಿನಲ್ಲಿ ಕಟ್ಟಿತು. ಯುದ್ಧಕಾಲದಲ್ಲಿ ನೌಕಾಪಡೆಗೂ ಟಗ್ ಮಾಡಿಕೊಟ್ಟಿತು. ಪಕ್ಕದ ಚಕ್ರ ಹೋಗಿ ಪ್ರೊಪೆಲರ್ ಬಂತು, ಸೌದೆಯ ಬದಲು ಡೀಸೆಲ್ ಬಂತು. ಆದರೂ ಮರದ ಕಂಪನಿಗಳಿಗೆ ಮಾಡಿದ ದೋಣಿಗಳಲ್ಲಿ ವಿಂಚ್ ಉಳಿಯಿತು. ಅವರು 1951ರಲ್ಲಿ ಕಟ್ಟಿದ ‘ಆಂಕಾಸ್ಟರ್’ ಟಗ್ ಕೆನಡಾದ 1974ರ ಒಂದು ಡಾಲರ್ ನೋಟಿನ ಹಿಂಬದಿಯಲ್ಲಿದೆ. ಒಟ್ಟಾವಾ ನದಿ, ದಿಮ್ಮಿಗಳು, ಹಿಂದೆ ಸಂಸತ್ ಭವನ. ನೋಟು ಸಂಗ್ರಹಿಸುವವರ ಬಳಿ ಇದ್ದರೆ ಭೂತಗನ್ನಡಿ ಹಿಡಿದು ನೋಡಬಹುದು.

ಅಡಿಬರಹ ತಿದ್ದುವುದಾದರೆ ‘ವಿಂಚ್‌ನಿಂದ ದಿಮ್ಮಿ ಎಳೆಯುತ್ತಿದ್ದ ದೋಣಿ’ ಎಂದರೆ ಸಾಕು.

ಇತಿ,
ಮರೈನ್ ಎಂಜಿನಿಯರ್, ಮಂಗಳೂರು