ಬರೀ ಟೋ ಟ್ರಕ್ ಅಂದ ಮಗಳಿಗೊಂದು ಪತ್ರ

ಉಪ್ಪಳ
ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ಅಮ್ಮ ಫೋನ್ ತೆಗೆದುಕೊಂಡು ಊಟ, ಚಳಿ, ಸ್ವೆಟರ್ ಅಂತ ವಿಷಯ ಬದಲಿಸಿದಳು. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅಮೆರಿಕದ ಪೊಲೀಸರು ನಿನಗೆ ಕೊಟ್ಟ ದಂಡದ ಟಿಕೆಟಿನ ಫೋಟೋ ಕಳಿಸಿದ್ದೆಯಲ್ಲ, ಅದನ್ನು ಎಷ್ಟು ಸಲ ನೋಡಿದೆನೋ. ದಂಡದ ಹಣದ ಚಿಂತೆ ನನಗಿಲ್ಲ. ನೀನು ಹೇಳಿದ ಒಂದು ಮಾತು ತಲೆಯಲ್ಲಿ ಕೂತಿದೆ. "ಪೊಲೀಸ್ ಕೂಡ ಅಲ್ಲ, ಆಂಬುಲೆನ್ಸ್ ಕೂಡ ಅಲ್ಲ ಅಪ್ಪ. ಬರೀ ಒಂದು ಟೋ ಟ್ರಕ್ ನಿಂತಿತ್ತು. ಅದಕ್ಕೂ ಲೇನ್ ಬದಲಿಸಬೇಕಿತ್ತಂತೆ."

ಬರೀ ಟೋ ಟ್ರಕ್.

ಬೇರೆ ಯಾರು ಹಾಗೆ ಹೇಳಿದ್ದರೂ ಸುಮ್ನೆ ಇರುತ್ತಿದ್ದೆ. ಕೆಟ್ಟು ನಿಂತ ಗಾಡಿ ಎಳೆಯುವ ಟೋ ಟ್ರಕ್ಕಿನ ಕೆಲಸವನ್ನೇ ಇಲ್ಲಿ ನಮ್ಮ ಕ್ರೇನ್ ಮಾಡುವುದು. ನೀನು ಆ ಕ್ರೇನ್ ಇರುವ ಮನೆಯಲ್ಲಿ ಬೆಳೆದವಳು. ಆ ಕ್ರೇನು, ಅದರ ಸಾಲದ ಕಂತು, ನಿನ್ನ ಕಾಲೇಜಿನ ಫೀಸು, ಇದೆಲ್ಲ ನಮ್ಮಿಬ್ಬರಿಗೂ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವುದಿಲ್ಲ. ಆರಿಕ್ಕಾಡಿಯ ರಾತ್ರಿಯದ್ದನ್ನು ಮಾತ್ರ ನಿನಗೆ ಪೂರ್ತಿ ಹೇಳಿಲ್ಲ. ನೀನಾಗ ಪ್ಲಸ್ ಟು ಓದುತ್ತಿದ್ದೆ. ಮಗು ಹೆದರುತ್ತಾಳೆ, ಹೇಳಬೇಡಿ ಅಂತ ಅಮ್ಮ ಹೇಳಿದ್ದಳು.

ಆಟಿ ತಿಂಗಳು. ಸಂಜೆಯಿಂದ ಬಿಡದೆ ಹೊಡೆಯುತ್ತಿದ್ದ ಮಳೆ. ಹೈವೇ ಆಗ ಇನ್ನೂ ಎರಡೇ ಲೇನಿನದ್ದು. ಮಂಗಳೂರು ಕಡೆಯಿಂದ ಬಂದ ಲಾರಿಯೊಂದರ ಹಿಂದಿನ ಚಕ್ರ ಚರಂಡಿಗೆ ಇಳಿದು ಗಾಡಿ ವಾಲಿತ್ತು. ಅರ್ಧ ಲಾರಿ ಟಾರಿನ ಮೇಲೇ ಇತ್ತು. ನಾವು ಕ್ರೇನನ್ನು ಓರೆಯಾಗಿ ನಿಲ್ಲಿಸಿ, ಮೇಲಿನ ಹಳದಿ ಲೈಟ್ ಹಾಕಿ, ಹಿಂದೆ ಸಾಲಾಗಿ ಕೋನ್ ಇಟ್ಟೆವು. ಹೆಲ್ಪರ್ ಹುಡುಗ ರಿಫ್ಲೆಕ್ಟರ್ ಜಾಕೆಟ್ ಹಾಕಿಕೊಂಡು ಟಾರ್ಚ್ ಬೀಸುತ್ತಾ ನಿಂತ. ಆಕ್ಸಿಲಿಗೆ ಚೈನ್ ಸುತ್ತಲು ನಾನು ಲಾರಿಯ ಅಡಿಗೆ ಹೋದೆ.

ಅಡಿಯಲ್ಲಿ ಮಲಗಿದವನಿಗೆ ರಸ್ತೆ ಕಾಣುವುದಿಲ್ಲ ಮಗಾ. ಟಯರು, ಹರಿಯುವ ನೀರು, ಆಗಾಗ ಬಂದು ಹೋಗುವ ಹೆಡ್‌ಲೈಟಿನ ಬೆಳಕು, ಅಷ್ಟೇ. ಬರುವ ಗಾಡಿ ಹೇಗೆ ಬರುತ್ತಿದೆ ಅಂತ ಕಿವಿಯೇ ಹೇಳಬೇಕು. ಒದ್ದೆ ಟಾರಿನ ಮೇಲೆ ಟಯರಿಗೆ ಸರ್ರ್ ಅಂತ ಒಂದು ಶಬ್ದ ಇರುತ್ತದೆ. ಹತ್ತಿರ ಬರುತ್ತಾ ಅದು ಏರುತ್ತದೆ. ಡ್ರೈವರ್ ನಮ್ಮ ಲೈಟ್ ಕಂಡು ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಶಬ್ದ ಇಳಿಯುತ್ತದೆ. ಗೇರ್ ಇಳಿಸಿದ್ದೂ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕೈಯಲ್ಲಿ ಹಿಡಿದ ಚೈನ್ ಹಾಗೇ ಇರುತ್ತದೆ, ಕೆಲಸ ಮುಂದೆ ಹೋಗುವುದಿಲ್ಲ. ಬೆನ್ನ ಕೆಳಗೆ ಟಾರ್ ಸಣ್ಣಗೆ ನಡುಗುತ್ತಿರುತ್ತದೆ. ಶಬ್ದ ಇಳಿದ ಮೇಲೆಯೇ ಕೈ ಮತ್ತೆ ಹುಕ್ ಹುಡುಕುವುದು.

ಒಂದು ಬಸ್ಸು ಬಂತು, ಶಬ್ದ ಇಳಿಯಿತು. ಮೀನಿನ ಲಾರಿ ಬಂತು, ಅದೂ ಇಳಿಯಿತು. ಆಮೇಲೆ ಒಂದು ಕಾರು ಬಂತು. ಅದರ ಶಬ್ದ ಇಳಿಯಲಿಲ್ಲ.

ನಾನು ಹುಡುಗನ ಹೆಸರು ಹಿಡಿದು ಕೂಗಿದೆ. ಮಳೆಯಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಒಂದು ಕೋನ್ ಹಾರಿ ಬಂದು ನನ್ನ ತಲೆಯ ಪಕ್ಕದ ಟಯರಿಗೆ ಬಡಿಯಿತು. ಕಾರಿನ ಕನ್ನಡಿ ಹುಡುಗನ ತೋಳಿಗೆ ತಾಗಿ ಅವನು ಚರಂಡಿಗೆ ಬಿದ್ದಿದ್ದ. ಕಾರು ನಿಲ್ಲಲಿಲ್ಲ. ನಾನು ಹೊರಗೆ ಬರುವಾಗ ಟಾರ್ಚ್ ರಸ್ತೆಯ ಮಧ್ಯೆ ಉರಿಯುತ್ತಲೇ ಬಿದ್ದಿತ್ತು. ಅದನ್ನು ಎತ್ತಲು ನಾನು ರಸ್ತೆಗೆ ಕಾಲಿಡಬೇಕಿತ್ತು, ಕಾಲು ಬರಲಿಲ್ಲ.

ಹುಡುಗ ಬದುಕಿದ. ತೋಳಿಗೆ ರಾಡ್ ಹಾಕಿದರು. ಈಗ ಬಂದ್ಯೋಡಿನಲ್ಲಿ ಅವನ ಮಾವನ ಅಂಗಡಿಯಲ್ಲಿ ಕೂರುತ್ತಾನೆ. ಮೇಲಿನ ಕಪಾಟಿನಿಂದ ಸಾಮಾನು ತೆಗೆಯಲು ಇನ್ನೊಬ್ಬರನ್ನು ಕರೆಯುತ್ತಾನೆ. ಆ ದಾರಿಯಲ್ಲಿ ಹೋಗುವಾಗೆಲ್ಲ ನಾನು ಅವನ ಅಂಗಡಿಗೆ ಹೋಗಿಯೇ ಹೋಗುತ್ತೇನೆ.

ಆ ಕಾರಿನವನ ಬಗ್ಗೆ ನಾನು ಇಷ್ಟು ವರ್ಷ ಯೋಚನೆ ಮಾಡಿದ್ದೇನೆ. ಕುಡಿದಿದ್ದನಾ? ನಿದ್ದೆ ಬಂದಿತ್ತಾ? ಫೋನ್ ನೋಡುತ್ತಿದ್ದನಾ? ಅದೇನೂ ಆಗಿರಲಿಕ್ಕಿಲ್ಲ ಅನ್ನಿಸುತ್ತದೆ. ತಿರುಗುವ ಹಳದಿ ಲೈಟ್ ದೂರದಿಂದಲೇ ಕಾಣುತ್ತದೆ. ನೋಡಿಯೇ ಇರುತ್ತಾನೆ. ಓ, ಕ್ರೇನ್ ನಿಂತಿದೆ, ಜಾಗ ಇದೆ, ಹೋಗಬಹುದು ಅಂದುಕೊಂಡಿರುತ್ತಾನೆ. ಒಳ್ಳೆಯ ಮನುಷ್ಯನೇ ಇರಬಹುದು. ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾನೆ. ಬರೀ ಕ್ರೇನ್ ಅಂದುಕೊಂಡಿದ್ದ, ಅಷ್ಟೇ. ನಿನ್ನೆ ಅದೇ ಮಾತು ನಿನ್ನ ಬಾಯಲ್ಲಿ ಬಂದಾಗ ನನಗೆ ಆಗಿದ್ದನ್ನು ಹೇಗೆ ಹೇಳಲಿ.

ರಾತ್ರಿ ತಮ್ಮನನ್ನು ಕೂರಿಸಿಕೊಂಡು ನಿಮ್ಮ ಇಲಿನಾಯ್ ಕಾನೂನು ಓದಿಸಿದೆ. ಅದಕ್ಕೆ ಅಲ್ಲಿ ಸ್ಕಾಟ್ಸ್ ಲಾ ಅನ್ನುತ್ತಾರೆ ಅಲ್ವಾ. ಸ್ಕಾಟ್ ಗಿಲ್ಲನ್ ಅಂತ ಷಿಕಾಗೋ ಅಗ್ನಿಶಾಮಕ ದಳದ ಲೆಫ್ಟಿನೆಂಟ್. 2000ದ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ, ಎಕ್ಸ್‌ಪ್ರೆಸ್‌ವೇಯಲ್ಲಿ ಆಕ್ಸಿಡೆಂಟ್ ಆದವರಿಗೆ ಸಹಾಯ ಮಾಡಲು ಹೋಗಿದ್ದರು. ಕುಡಿದು ಕಾರು ಓಡಿಸಿದವನೊಬ್ಬ ಬಂದು ಗುದ್ದಿದ. ಅವರು ತೀರಿಕೊಂಡ ಮೇಲೆ ಆದ ಕಾನೂನು ಇದು. ನಿನ್ನ ಟಿಕೆಟಿನ ಹಿಂದೆ ಆ ಮನುಷ್ಯ ಇದ್ದಾರೆ. ನಿಂತ ವಾಹನಕ್ಕೆ ಜಾಗ ಬಿಡಬೇಕು ಅನ್ನುವ ಕಾನೂನು ಅಮೆರಿಕದಲ್ಲಿ ಮೊದಲು ಬಂದದ್ದು ಸೌತ್ ಕ್ಯಾರೊಲಿನಾದಲ್ಲಿ, 1996ರಲ್ಲಿ. ಈಗ 50 ರಾಜ್ಯಗಳಲ್ಲೂ ಇದೆ. ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋದರೂ ಇದು ನಿನ್ನ ಜೊತೆ ಬರುತ್ತದೆ. ನಿಮ್ಮಲ್ಲಿ 2017ರಿಂದ ಹಜಾರ್ಡ್ ಲೈಟ್ ಹಾಕಿ ನಿಂತ ಯಾವ ಗಾಡಿಗೂ ಅನ್ವಯಿಸುತ್ತದೆ, ಯಾರದ್ದೋ ಕೆಟ್ಟು ನಿಂತ ಹಳೇ ಕಾರಿಗೂ. ಮೊದಲ ಸಲಕ್ಕೆ ಕನಿಷ್ಠ 250 ಡಾಲರ್ ದಂಡ. ಯಾರಿಗಾದರೂ ಪೆಟ್ಟಾದರೆ ಲೈಸೆನ್ಸೇ ಹೋಗಬಹುದು.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಆಂಬುಲೆನ್ಸಿಗೆ, ಫೈರ್ ಎಂಜಿನ್ನಿಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ ಇಟ್ಟರು. ಒಳ್ಳೆಯದೇ ಆಯಿತು. ಆಂಬುಲೆನ್ಸ್ ಅಂದರೆ ಏನು ಅಂತ ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಜೋರು ಕಾಯಿಲೆ ಬಂದರೆ ನಮಗೆ ಮಂಗಳೂರೇ ಗತಿ. 2020ರಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಪಟ್ಟ ಪಾಡು ನೆನಪಿದೆಯಲ್ಲ. ಆದರೆ ಆ ಸೆಕ್ಷನ್ ಸೈರನ್ ಹಾಕಿ ಬರುವ ಗಾಡಿಗೆ. ನಿಂತ ಕ್ರೇನಿನ ಅಡಿಯಲ್ಲಿ ಮಲಗಿದವನ ಮಾತು ಅದರಲ್ಲಿ ಇಲ್ಲ. ನಿಮ್ಮಲ್ಲಿ ಅದೂ ಇದೆ. ನನಗೆ ಆ ಕಾನೂನಿನ ಮೇಲೆ ಗೌರವ ಬಂತು. ನಿನಗೆ ಟಿಕೆಟ್ ಕೊಟ್ಟ ಆ ಪೊಲೀಸಿನವರ ಮೇಲೂ.

ಉಪದೇಶ ಮಾಡಬಾರದು ಅಂದುಕೊಂಡೇ ಕೂತೆ. ಆದರೂ ಕೇಳು.

ಐ-57 ಹೈವೇಯಲ್ಲಿ ನೀನು ಹೋಗುವ ವೇಗ ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿಲೋಮೀಟರ್. ಒಂದು ಸೆಕೆಂಡಿಗೆ 31 ಮೀಟರ್. ಎರಡು ಸೆಕೆಂಡ್ ಫೋನ್ ನೋಡಿದರೆ 62 ಮೀಟರ್ ಕಣ್ಣು ಮುಚ್ಚಿ ಹೋದ ಹಾಗೆ. ದೂರದಲ್ಲಿ ಲೈಟ್ ಮಿನುಗುವುದು ಕಂಡರೆ ಅದು ಏನು ಅಂತ ಗೊತ್ತಾಗುವವರೆಗೆ ಕಾಯಬೇಡ. ಮೊದಲು ಕಾಲು ತೆಗೆ. ಕನ್ನಡಿ ನೋಡು, ಇಂಡಿಕೇಟರ್ ಹಾಕು, ಆಚೆ ಲೇನಿಗೆ ಹೋಗು. ನಿನಗೂ ಅವರಿಗೂ ಮಧ್ಯೆ ಒಂದು ಲೇನ್ ಖಾಲಿ ಇರಲಿ. ನಿನ್ನೆ ಎಡಗಡೆ ಲೇನ್ ಖಾಲಿ ಇತ್ತು ಅಂತ ನೀನೇ ಹೇಳಿದೆ. ಖಾಲಿ ಇಲ್ಲದಿದ್ದರೆ ನುಗ್ಗಬೇಡ, ಇದ್ದ ಲೇನಿನಲ್ಲೇ ನಿಧಾನ ಮಾಡು, ಚೆನ್ನಾಗಿ ನಿಧಾನ ಮಾಡು. ಗಕ್ಕನೆ ಬ್ರೇಕ್ ಒತ್ತಿದರೆ ಹಿಂದಿನವನು ಬಂದು ನಿನಗೆ ಗುದ್ದುತ್ತಾನೆ.

ಮುಂದಿನ ದೊಡ್ಡ ಲಾರಿ ಸರಕ್ಕನೆ ಲೇನ್ ಬದಲಿಸಿದರೆ ಅದರ ಮುಂದೆ ಏನೋ ನಿಂತಿದೆ ಅಂತಲೇ ತಿಳಿ. ಲಾರಿಗೆ ಅಂಟಿಕೊಂಡು ಹೋಗುವವರಿಗೆ ನಿಂತ ಗಾಡಿ ಕಾಣುವುದು ಕೊನೆಗೆ. ನಿನ್ನ ಕಾರಿನಲ್ಲಿ ತಾನೇ ವೇಗ ಹಿಡಿದುಕೊಳ್ಳುವ ಕ್ರೂಸ್ ಇದೆ ಅಂದೆಯಲ್ಲ, ಅದನ್ನು ನಂಬಬೇಡ. ಅಂಥವು ಮುಂದೆ ಓಡುವ ಗಾಡಿಯನ್ನು ಹಿಡಿಯುತ್ತವೆ. ವೇಗದಲ್ಲಿರುವಾಗ ನಿಂತ ಗಾಡಿಯನ್ನು ಕೆಲವು ಸಲ ಗುರುತಿಸುವುದೇ ಇಲ್ಲ. ಆಕ್ಸಿಡೆಂಟ್ ಆದ ಕಡೆ ತಿರುಗಿ ನೋಡಬೇಡ. ಕಣ್ಣು ಹೋದ ಕಡೆ ಕೈಯೂ ಹೋಗುತ್ತದೆ, ಸ್ಟೇರಿಂಗ್ ಗೊತ್ತಿಲ್ಲದೆ ಆ ಕಡೆಗೇ ಎಳೆಯುತ್ತದೆ.

ಟೋ ಟ್ರಕ್ಕಿನವನು ಗಾಡಿ ಎಳೆಯುವ ವಿಂಚ್ ನಡೆಸುವಾಗ ಅವನ ಗಮನ ಹಗ್ಗದ ಮೇಲೆ. ಬೆನ್ನು ರಸ್ತೆಗೆ. ಅವನಿಗೆ ನೀನು ಕಾಣುವುದಿಲ್ಲ.

ಇನ್ನೊಂದು. ನಿನ್ನ ಕಾರೇ ಕೆಟ್ಟು ನಿಂತರೆ ಆದಷ್ಟು ರಸ್ತೆಯಿಂದ ಆಚೆ ನಿಲ್ಲಿಸಿ ಹಜಾರ್ಡ್ ಹಾಕು. ಗಾಡಿ ಓಡುವ ಕಡೆಯ ಬಾಗಿಲಿನಿಂದ ಇಳಿಯಬೇಡ. ಕಬ್ಬಿಣದ ತಡೆಯ ಆಚೆ ಹೋಗಿ ನಿಲ್ಲು. ಕಾರಿನ ಹಿಂದೆ ನಿಲ್ಲಬೇಡ. ಕಾರಿಗೂ ಟೋ ಟ್ರಕ್ಕಿಗೂ ಮಧ್ಯೆ ಅಂತೂ ಎಂದೂ ನಿಲ್ಲಬೇಡ, ಅವನು ಕರೆದರೂ ಸರಿ. ಆ ಸಂದಿಯಲ್ಲಿ ನಿಂತವರನ್ನು ನಾನು ನೋಡಿದ್ದೇನೆ, ಅದನ್ನು ಬರೆಯುವುದಿಲ್ಲ.

ನೋಡು, ಎಷ್ಟು ಬರೆದೆ. ನಿನ್ನ ಬಗ್ಗೆ ನನಗೆ ಇರುವುದು ಹೆಮ್ಮೆಯೇ. ಕುಂಬಳೆಗೆ ಬಸ್ಸಿನಲ್ಲಿ ನಿಂತುಕೊಂಡು ಓದಲು ಹೋದವಳು ನಿನ್ನ ಸಂಬಳದಲ್ಲಿ ಕಾರು ತೆಗೆದಿದ್ದೀಯ. ಟಿಕೆಟ್ ಸಿಕ್ಕಿದ ದಿನವೇ ನಮಗೆ ಹೇಳಿದೆ, ಮುಚ್ಚಿಡಲಿಲ್ಲ. ಬೇರೆ ಮಕ್ಕಳಾದರೆ ಹೇಳುತ್ತಿರಲಿಲ್ಲ. ನಿನ್ನ ಪ್ಲಸ್ ಟು ರಿಸಲ್ಟ್ ಬಂದ ದಿನ ನಾನು ಹೊಸಂಗಡಿಯಲ್ಲಿ ಬಿದ್ದ ಟ್ಯಾಂಕರಿನ ಹತ್ತಿರ ಇದ್ದೆ. ಮನೆಗೆ ಬರುವಾಗ ನೀನು ಮಲಗಿದ್ದೆ, ಪಾಯಸ ಮುಚ್ಚಿಟ್ಟಿತ್ತು. ಅದಕ್ಕೆ ನನಗೆ ಇವತ್ತಿಗೂ ಬೇಸರ ಇದೆ, ನಿನ್ನ ಹತ್ತಿರ ಹೇಳಿರಲಿಲ್ಲ. ಅಂಥ ಎಷ್ಟೋ ರಾತ್ರಿ ಅಮ್ಮ ಬಾಗಿಲು ಹಾಕದೆ ಕೂತಿದ್ದಾಳೆ. ಈಗ ಇಬ್ಬರೂ ಮಲಗುವ ಮೊದಲು ಫೋನ್ ತೆಗೆದು ನಿಮ್ಮ ಊರಿನ ಹವಾಮಾನ ನೋಡುತ್ತೇವೆ. ಹಿಮ ಬೀಳುತ್ತದೆ ಅಂತ ಬಂದರೆ ಅವಳು ಏನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಕೋರ್ಟಿನ ದಿನ ಯಾವುದು ಅಂತ ತಿಳಿಸು. ವಕೀಲರನ್ನು ಹಿಡಿದು ಟಿಕೆಟ್ ತೆಗೆಸಬಹುದು ಅಂತ ನಿನ್ನ ಗೆಳತಿ ಹೇಳಿದಳಂತೆ. ಬೇಡ. ತಪ್ಪು ಆಗಿದೆ ಅಂತ ಹೇಳಿ ಹಣ ಕಟ್ಟಿಬಿಡು. ಕೈಯಲ್ಲಿ ಕಡಿಮೆ ಇದ್ದರೆ ನಾನು ಕಳಿಸುತ್ತೇನೆ, ಸಂಕೋಚ ಬೇಡ. ಚಳಿ ಜಾಸ್ತಿ ಆಗುವ ಮೊದಲು ಟಯರ್ ತೋರಿಸು, ವೈಪರ್ ಬ್ಲೇಡ್ ಬದಲಿಸು. ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಆ ಕಡೆ ಬರುವವರು ಯಾರಾದರೂ ಇದ್ದರೆ ಹೇಳು, ಮಂಗಳೂರಿಗೆ ಹೋಗಿ ಕೊಟ್ಟು ಬರುತ್ತೇನೆ. ಪತ್ರ ಓದಿದ ಮೇಲೆ ಫೋನ್ ಮಾಡು. ಮನೆ ತಲುಪಿದ ಮೇಲೆ ಮಾಡು, ಕಾರಿನಿಂದ ಬೇಡ.

ನಿನ್ನ
ಅಪ್ಪ