ಫೋಟೋ ಇಲ್ಲದ ಮನವಿ

ಪ್ರೀತಿಯ ಓದುಗರೇ,

ಈ ಮನವಿಯಲ್ಲಿ ಫೋಟೋ ಇಲ್ಲ. ಬೇಕೆಂದೇ ಬಿಟ್ಟಿದ್ದೇವೆ. "ಒಂದು ಮಗುವಿನ ಮುಖ ಹಾಕಿ. ಕಣ್ಣಲ್ಲಿ ನೀರಿದ್ದರೆ ಇನ್ನೂ ಒಳ್ಳೇದು. ದೇಣಿಗೆ ಜಾಸ್ತಿ ಬರುತ್ತೆ" ಅಂತ ಈ ಕೆಲಸದಲ್ಲಿ ಪಳಗಿದವರೇ ಹೇಳಿದರು. ಅವರ ಮಾತು ಸುಳ್ಳಲ್ಲ. ಆದರೆ ಆ ಮಗು ದೊಡ್ಡದಾಗುತ್ತದೆ, ಅಲ್ವಾ? ಹತ್ತು ವರ್ಷ ಕಳೆದು, ಓದು ಮುಗಿಸಿ, ಕೆಲಸಕ್ಕೆ ಸೇರಿ, ಗೆಳೆಯರ ನಡುವೆ ಕೂತು ನಗುತ್ತಿರುವಾಗ ಯಾರದ್ದೋ ಫೋನಿನಲ್ಲಿ ಆ ಅಳುಮುಖ ಕಾಣಿಸಿದರೆ? ಅದಕ್ಕೇ ಬೇಡ ಅಂದೆವು. ಮುಖದ ಬದಲು ಮಾತು ಕಳಿಸುತ್ತಿದ್ದೇವೆ. ಸ್ವಲ್ಪ ಉದ್ದ ಇದೆ. ಬಿಡುವು ಮಾಡಿಕೊಂಡು ಓದಿ.

ನಮ್ಮ ಟ್ರಸ್ಟಿನ ಕೆಲಸ ಹೇಳುವುದಕ್ಕೆ ಸುಲಭ. ತಮ್ಮ ದೇಶ ಬಿಟ್ಟು ಬೇರೆ ದೇಶಕ್ಕೆ ಬಂದ ಹುಡುಗ ಹುಡುಗಿಯರ ಕಥೆಯನ್ನು ಅವರದೇ ಭಾಷೆಯಲ್ಲಿ ಕೇಳುತ್ತೇವೆ, ರೆಕಾರ್ಡ್ ಮಾಡುತ್ತೇವೆ, ಬರೆದಿಡುತ್ತೇವೆ. ಅವರು ಒಪ್ಪಿದರೆ ಪುಸ್ತಕದಲ್ಲಿ ಸೇರಿಸುತ್ತೇವೆ. ಒಪ್ಪದಿದ್ದರೆ ರೆಕಾರ್ಡಿಂಗನ್ನು ಅವರ ಕೈಗೇ ಕೊಟ್ಟು ಬರುತ್ತೇವೆ. ಯುದ್ಧಕ್ಕೆ ಹೆದರಿ ಓಡಿಬಂದವರು ಇದ್ದಾರೆ. ಅಪ್ಪ ಅಮ್ಮನಿಗೆ ಕೆಲಸ ಸಿಕ್ಕಿತು ಅಂತ ಹಿಂದೆಯೇ ಬಂದವರೂ ಇದ್ದಾರೆ.

"ಕಥೆ ಕೇಳೋಕೆ ದುಡ್ಡು ಯಾಕೆ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಊಟ, ಬಟ್ಟೆ, ಹೊದಿಕೆ ಅಂದರೆ ತಕ್ಷಣ ಅರ್ಥವಾಗುತ್ತದೆ. ಕಥೆಗೇನು, ಸುಮ್ನೆ ಕೂತು ಕೇಳಿದರೆ ಆಯ್ತಲ್ಲ?

ಆದರೆ ಈ ಮಕ್ಕಳು ನಮ್ಮ ಹತ್ತಿರ ಬರುವ ಹೊತ್ತಿಗೆ ತಮ್ಮ ಕಥೆಯನ್ನು ಎಷ್ಟು ಸಲ ಹೇಳಿರುತ್ತಾರೆ, ಲೆಕ್ಕ ಹಾಕಿ. ಗಡಿಯಲ್ಲಿ ಅಧಿಕಾರಿಗೆ. ಶಿಬಿರದಲ್ಲಿ ಹೆಸರು ಬರೆದುಕೊಳ್ಳುವವರಿಗೆ. ವಕೀಲರಿಗೆ. ಡಾಕ್ಟರಿಗೆ. ಶಾಲೆಗೆ ಸೇರಿಸಿಕೊಳ್ಳುವವರಿಗೆ. ಪ್ರತಿಯೊಬ್ಬರಿಗೂ ಬೇಕಾದ ತುಂಡು ಬೇರೆ. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ನಿರಾಶ್ರಿತ ಅನ್ನಿಸಿಕೊಳ್ಳಲು ಐದು ಕಾರಣಗಳಲ್ಲಿ ಒಂದಕ್ಕಾಗಿ ಕಿರುಕುಳದ ಭಯ ಇರಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಹದಿನಾರರ ಹುಡುಗ ತನ್ನ ಬದುಕನ್ನೆಲ್ಲ ಈ ಐದು ಡಬ್ಬಿಗಳಲ್ಲಿ ಒಂದರೊಳಗೆ ತುರುಕಬೇಕು. ತಾರೀಕು ಹೇಳಬೇಕು. ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸಬೇಕು. ಹಿಂದಿನ ಸಲ ಮಂಗಳವಾರ ಅಂದಿದ್ದು ಈ ಸಲ ಬುಧವಾರ ಆದರೆ ಸುಳ್ಳು ಹೇಳುತ್ತಿದ್ದಾನೆ ಎಂಬ ಅನುಮಾನ ಬರುತ್ತದೆ. ಭಯದಲ್ಲಿ ಕಳೆದ ದಿನಗಳು ಯಾರಿಗೂ ಕ್ಯಾಲೆಂಡರಿನ ಹಾಗೆ ನೆನಪಿರುವುದಿಲ್ಲ. ಆದರೂ ಕೇಳುತ್ತಾರೆ.

ಹೀಗೆ ಹೇಳಿ ಹೇಳಿ ಕಥೆ ಗಟ್ಟಿಯಾಗಿಬಿಡುತ್ತದೆ, ಬಾಯಿಪಾಠದ ಹಾಗೆ. ಒಬ್ಬ ಹುಡುಗ ನಮ್ಮ ಮುಂದೆ ಕೂತ ತಕ್ಷಣ ಹನ್ನೆರಡು ನಿಮಿಷದಲ್ಲಿ ಎಲ್ಲ ಒಪ್ಪಿಸಿದ. ಊರು, ದಾಳಿ, ದೋಣಿ, ಶಿಬಿರ. ಮುಖದಲ್ಲಿ ಏನೂ ಇಲ್ಲ. ಮುಗಿಸಿ, "ಇಷ್ಟು ಸಾಕಾ?" ಅಂದ. ನಾಲ್ಕನೇ ಭೇಟಿಯಲ್ಲಿ ತಾನಾಗಿಯೇ ಒಂದು ನಾಯಿಯ ವಿಷಯ ತೆಗೆದ. ಹೊರಡುವ ರಾತ್ರಿ ಅದು ಬೊಗಳಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ ಅಂತ ಕಟ್ಟಿಹಾಕಿ ಬಂದಿದ್ದರು. ಕಟ್ಟಿದವನು ಇವನೇ. ಬಿಚ್ಚುವುದಕ್ಕೆ ಯಾರಾದರೂ ಬಂದರೋ ಇಲ್ಲವೋ ಗೊತ್ತಿಲ್ಲ. ಯಾವ ಅಧಿಕಾರಿಯೂ ನಾಯಿಯ ಬಗ್ಗೆ ಕೇಳಿರಲಿಲ್ಲ. ಯಾವ ಅರ್ಜಿಯಲ್ಲೂ ಅದಕ್ಕೆ ಜಾಗ ಇರಲಿಲ್ಲ.

ನಮಗೆ ಬೇಕಾದದ್ದು ಆ ನಾಲ್ಕನೇ ಭೇಟಿ. ದುಡ್ಡು ಬೇಕಾಗಿರುವುದೂ ಅದಕ್ಕೇ.

ಹುಟ್ಟಿದ ದಿನದ ವಿಷಯ ಹೇಳುತ್ತೇನೆ. ನಿರಾಶ್ರಿತರ ಕಾಗದಪತ್ರ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಎಷ್ಟೋ ಜನರ ಜನ್ಮದಿನ ಜನವರಿ 1. ಹುಟ್ಟಿದ ತಾರೀಕು ಬರೆದಿಡುವ ರೂಢಿ ಇಲ್ಲದ ಕಡೆಯಿಂದ ಬಂದಿರುತ್ತಾರೆ, ಇಲ್ಲವೇ ಕಾಗದ ಸುಟ್ಟುಹೋಗಿರುತ್ತದೆ. ಅರ್ಜಿಯಲ್ಲಿ ಖಾಲಿ ಬಿಡುವ ಹಾಗಿಲ್ಲ. ಅಧಿಕಾರಿ ಜನವರಿ 1 ಅಂತ ಬರೆಯುತ್ತಾರೆ. 1980ರ ದಶಕದ ಕೊನೆಯಲ್ಲಿ ಸುಡಾನಿನ ಯುದ್ಧದಿಂದ ತಪ್ಪಿಸಿಕೊಂಡು, ಇಥಿಯೋಪಿಯಾಕ್ಕೆ ನಡೆದು, ಅಲ್ಲಿಂದಲೂ ಓಡಬೇಕಾಗಿ ಬಂದು, 1992ರಲ್ಲಿ ಕೀನ್ಯಾದ ಕಾಕುಮಾ ಶಿಬಿರ ಸೇರಿದ ಹುಡುಗರಿದ್ದಾರೆ. 'ಲಾಸ್ಟ್ ಬಾಯ್ಸ್' ಅಂತ ಅವರನ್ನು ಕರೆದರು. ಅವರಲ್ಲಿ ಸಾವಿರಾರು ಮಂದಿ 2001ರ ಆಸುಪಾಸಿನಲ್ಲಿ ಅಮೆರಿಕಕ್ಕೆ ಹೋದರು. ಅವರಲ್ಲೂ ಬಹಳ ಜನರಿಗೆ ಇದೇ ಜನ್ಮದಿನ. ಕೇಳಿದರೆ ತಮಾಷೆ ಅನಿಸಬಹುದು. ಆದರೆ ವಯಸ್ಸಿನ ಮೇಲೆ ತುಂಬಾ ನಿಂತಿದೆ. ಒಂಟಿಯಾಗಿ ಬಂದ ಮಗುವಿಗೆ ಸಿಗುವ ರಕ್ಷಣೆ 18 ತುಂಬಿದ ದಿನ ಬದಲಾಗಿಬಿಡುತ್ತದೆ. ನೆನ್ನೆಯವರೆಗೆ ಸಾಕುಪೋಷಕರ ಮನೆ, ಶಾಲೆ, ನೋಡಿಕೊಳ್ಳುವವರು. ಇವತ್ತಿಂದ ದೊಡ್ಡವರ ಸಾಲು. ಆ ತಾರೀಕನ್ನು ಯಾರೋ ಅಂದಾಜಿನಲ್ಲಿ ಬರೆದದ್ದು ಅನ್ನುವುದನ್ನು ನೆನಪಿಡಿ.

ಹೆಸರಿನದೂ ಇದೇ ಕಥೆ. ಒಂದೇ ಹೆಸರು ಇಟ್ಟುಕೊಳ್ಳುವ ಜನ ಪ್ರಪಂಚದಲ್ಲಿ ಎಷ್ಟೋ ಕಡೆ ಇದ್ದಾರೆ. ಅರ್ಜಿ ಎರಡು ಹೆಸರು ಕೇಳುತ್ತದೆ. ಅಮೆರಿಕದ ವೀಸಾದಲ್ಲಿ ಅಂಥವರ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಆಮೇಲೆ ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಎಲ್ಲ ಕಡೆ ಅದೇ ಹೆಸರಾಗಿ ಕೂರುತ್ತದೆ. ಹಾಜರಿ ಕರೆಯುವಾಗ ಟೀಚರ್ ಅದನ್ನೇ ಕೂಗಿದರೆ ಆ ಹುಡುಗಿ ಏನಂತ ಕೈ ಎತ್ತಬೇಕು?

ಭಾಷೆಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹೊಸ ಭಾಷೆಯ ಶಾಲೆಗೆ ಬಿದ್ದ ಮಕ್ಕಳಲ್ಲಿ ಹಲವರು ಮೊದಲ ಕೆಲವು ತಿಂಗಳು ಬಾಯಿಯೇ ಬಿಡುವುದಿಲ್ಲ. ದಡ್ಡರು ಅಂತ ಜನ ತಿಳಿಯುತ್ತಾರೆ. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ, ಅಷ್ಟೇ. ಜಿಮ್ ಕಮಿನ್ಸ್ ಎಂಬ ಸಂಶೋಧಕರು ಬಹಳ ಹಿಂದೆಯೇ ತೋರಿಸಿದ ಹಾಗೆ ಆಟದ ಮೈದಾನದ ಮಾತು ಸುಮಾರು 2 ವರ್ಷದಲ್ಲಿ ಬರುತ್ತದೆ. ಪಾಠದ, ಪರೀಕ್ಷೆಯ ಭಾಷೆ ಹಿಡಿತಕ್ಕೆ ಬರಲು 5ರಿಂದ 7 ವರ್ಷ ಬೇಕು. ಇದು ಗೊತ್ತಿಲ್ಲದವರು "ಪಟಪಟ ಮಾತಾಡ್ತಾಳೆ, ಆದ್ರೆ ಮಾರ್ಕ್ಸ್ ಬರಲ್ಲ, ಓದೋ ಮನಸ್ಸಿಲ್ಲ" ಎಂದು ತೀರ್ಮಾನ ಮಾಡಿಬಿಡುತ್ತಾರೆ. ಹದಿನೈದರಲ್ಲಿ ಬಂದವಳಿಗೆ ಆ 7 ವರ್ಷ ಎಲ್ಲಿ ಸಿಗಬೇಕು?

ಆದರೂ ಅಪ್ಪ ಅಮ್ಮನಿಗಿಂತ ಮಕ್ಕಳಿಗೇ ಭಾಷೆ ಬೇಗ ಬರುತ್ತದೆ. ಹಾಗಾಗಿ ಮನೆಯ ದುಭಾಷಿ ಕೆಲಸ ಅವರ ತಲೆಗೆ ಬೀಳುತ್ತದೆ. ಬಾಡಿಗೆ ಮನೆಯವರ ಜೊತೆ ಮಾತು, ಕರೆಂಟ್ ಬಿಲ್ಲು, ಕಚೇರಿಯ ಕಾಗದ, ಎಲ್ಲ. ಒಬ್ಬಳು ಹೇಳಿದ್ದು ಕೇಳಿ. ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿದ್ದಳು, ಆಗ ಅವಳಿಗೆ 13. ಡಾಕ್ಟರ್ ಹೇಳಿದ್ದನ್ನು ಅಮ್ಮನಿಗೆ ದಾಟಿಸಬೇಕು. ಗಡ್ಡೆ ಎಂಬುದಕ್ಕೆ ತನ್ನ ಭಾಷೆಯಲ್ಲಿ ಏನನ್ನುತ್ತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ, ಮನೆಯಲ್ಲಿ ಯಾರೂ ಆ ಪದ ಆಡಿರಲಿಲ್ಲ. "ಒಳಗೆ ಏನೋ ಚಿಕ್ಕದು ಇದೆಯಂತೆ, ತೆಗೀತಾರಂತೆ" ಅಂದಳು. ಅಮ್ಮ ನಕ್ಕರು. ಡಾಕ್ಟರಿಗೆ ಅಮ್ಮ ಯಾಕೆ ನಗುತ್ತಿದ್ದಾರೆ ಅಂತ ಅರ್ಥವಾಗಲಿಲ್ಲ. ನಡುವೆ ನಿಂತವಳು ಇಬ್ಬರಿಗೂ ಏನೂ ಹೇಳಲಿಲ್ಲ. ಅಮ್ಮ ಈಗ ಹುಷಾರಾಗಿದ್ದಾರೆ. ಮಗಳು ನಮಗೆ ಇದನ್ನು ಹೇಳಲು ಎರಡು ವರ್ಷ ತೆಗೆದುಕೊಂಡಳು.

ವಲಸೆ ಬಂದವರ ಮಕ್ಕಳ ವಿಷಯದಲ್ಲಿ ಜನರಿಗೆ ಅಷ್ಟು ಮರುಕ ಇರುವುದಿಲ್ಲ. "ಅವರೇನು ಓಡಿ ಬಂದಿಲ್ಲವಲ್ಲ, ಚೆನ್ನಾಗಿರೋಕೆ ಅಂತ ಬಂದಿದ್ದಾರೆ" ಎನ್ನುತ್ತಾರೆ. ಬರಬೇಕು ಅಂತ ತೀರ್ಮಾನ ಮಾಡಿದ್ದು ಮಕ್ಕಳಲ್ಲ ಅನ್ನುವುದನ್ನು ಮರೆಯುತ್ತಾರೆ. ಒಬ್ಬ ಹುಡುಗ ಪ್ರತಿ ಭಾನುವಾರ ಅಜ್ಜಿಗೆ ಫೋನ್ ಮಾಡುತ್ತಾನೆ. ಗೆಳೆಯರು ಎಷ್ಟು ಅಂತ ಅಜ್ಜಿ ಕೇಳುತ್ತಾರೆ. ಒಬ್ಬನೂ ಇಲ್ಲದಾಗ ಮೂರು ಹೆಸರು ಕಟ್ಟಿ ಹೇಳಿದ್ದ. ಮುಂದಿನ ವಾರ ಅಜ್ಜಿ ಆ ಮೂವರ ಕ್ಷೇಮ ವಿಚಾರಿಸಿದರು. ಹೀಗೆ ಒಂದು ವರ್ಷ ನಡೆಯಿತು. ಅವರಿಗೆ ಜ್ವರ ಬಂತು, ಪರೀಕ್ಷೆ ಪಾಸಾಯಿತು, ಒಬ್ಬನ ಅಕ್ಕನ ಮದುವೆಯೂ ಆಯಿತು. ಇದನ್ನು ಹೇಳುವಾಗ ಅವನೂ ನಕ್ಕ, ನಾವೂ ನಕ್ಕೆವು. ಈಗ ನಿಜವಾದ ಗೆಳೆಯ ಒಬ್ಬ ಇದ್ದಾನೆ. ಅಜ್ಜಿಗೆ ಮಾತ್ರ ಆ ಹಳೇ ಮೂವರ ಮೇಲೇ ಪ್ರೀತಿ ಜಾಸ್ತಿ.

ಇಂಥವು ಸುದ್ದಿಯಾಗುವುದಿಲ್ಲ. ಸುದ್ದಿಯಾಗಲು ಯುಸ್ರಾ ಮರ್ದಿನಿಯ ಹಾಗೆ ಈಜಬೇಕು. 2015ರಲ್ಲಿ ಸಿರಿಯಾದ ಈ ಹುಡುಗಿ, 17 ವರ್ಷ, ಟರ್ಕಿಯಿಂದ ಗ್ರೀಸಿನ ಲೆಸ್ಬೋಸ್ ದ್ವೀಪಕ್ಕೆ ಹೊರಟಿದ್ದ ದೋಣಿಯ ಎಂಜಿನ್ ಕೆಟ್ಟಾಗ ಅಕ್ಕನ ಜೊತೆ ನೀರಿಗಿಳಿದಳು. ಮುಂದಿನ ವರ್ಷ ರಿಯೊ ಒಲಿಂಪಿಕ್ಸಿನಲ್ಲಿ 10 ಜನರ ಮೊದಲ ನಿರಾಶ್ರಿತರ ತಂಡದಲ್ಲಿ ಸ್ಪರ್ಧಿಸಿದಳು. ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ 2024ರ ಕೊನೆಗೆ ಪ್ರಪಂಚದಲ್ಲಿ ಬಲವಂತವಾಗಿ ಮನೆ ಬಿಟ್ಟವರು 12 ಕೋಟಿ 32 ಲಕ್ಷ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳಿದೆ. ಅವರಲ್ಲಿ ನೂರಕ್ಕೆ 40ರಷ್ಟು ಮಕ್ಕಳು. ಇವರೆಲ್ಲ ಒಲಿಂಪಿಕ್ಸಿಗೆ ಹೋಗುವುದಿಲ್ಲ. ಸಾಲಿನಲ್ಲಿ ನಿಲ್ಲುತ್ತಾರೆ. ಅಜ್ಜಿಗೆ ಫೋನ್ ಮಾಡುತ್ತಾರೆ.

ಕಥೆಗೆ ಅವಸರ ಏನು, ಆಮೇಲೆ ಹೇಳಿಕೊಳ್ಳಲಿ ಅನ್ನುವವರಿಗೆ ಹಳೆಯದೊಂದು ಸಂಗತಿ. 1938ರ ಡಿಸೆಂಬರಿನಿಂದ 1939ರ ಸೆಪ್ಟೆಂಬರಿನವರೆಗೆ ಸುಮಾರು 10,000 ಮಕ್ಕಳನ್ನು ನಾಜಿಗಳ ಕೈಯಿಂದ ತಪ್ಪಿಸಿ ಬ್ರಿಟನ್ನಿಗೆ ಕರೆತಂದರು. ಹೆಚ್ಚಿನವರು ಯಹೂದಿಗಳು. 'ಕಿಂಡರ್‌ಟ್ರಾನ್ಸ್‌ಪೋರ್ಟ್' ಅಂತ ಅದರ ಹೆಸರು. ಒಂದೊಂದು ಮಗುವಿಗೂ 50 ಪೌಂಡಿನ ಭದ್ರತೆ ಕೊಡಬೇಕು ಎಂದು ಸರ್ಕಾರ ಷರತ್ತು ಹಾಕಿತ್ತು. ಆ ಹಣ ಹೊಂದಿಸಿದ್ದು ಸಂಘಗಳು, ನಿಮ್ಮಂಥ ಸಾಮಾನ್ಯ ಜನ. ಬಹಳ ಮಕ್ಕಳು ಅಪ್ಪ ಅಮ್ಮನನ್ನು ಮತ್ತೆ ನೋಡಲೇ ಇಲ್ಲ. 50 ವರ್ಷ ಆದ ಮೇಲೆ, 1989ರಲ್ಲಿ, ತಾನೂ ಹಾಗೆಯೇ ಬಂದಿದ್ದ ಬರ್ತಾ ಲೆವರ್ಟನ್ ಲಂಡನ್ನಿನಲ್ಲಿ ಅವರನ್ನೆಲ್ಲ ಒಂದು ಕಡೆ ಸೇರಿಸಿದರು. ಸಾವಿರದಷ್ಟು ಜನ ಬಂದರು. ಅಲ್ಲಿಯವರೆಗೂ ಸ್ವಂತ ಮಕ್ಕಳ ಹತ್ತಿರವೂ ಬಾಯಿ ಬಿಡದವರು ಅವರಲ್ಲಿದ್ದರು. ಅಷ್ಟು ವರ್ಷ ಕಾಯಿಸುವುದು ಬೇಡ ಅಂತ ನಮ್ಮ ಆಸೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಮುಚ್ಚಿಟ್ಟು ದುಡ್ಡು ಕೇಳುವುದು ಸರಿಯಲ್ಲ. ನಮ್ಮ ಮೊದಲ ಪುಸ್ತಿಕೆಯಲ್ಲಿ ಒಬ್ಬ ಹುಡುಗಿಯ ಕಥೆ ಇತ್ತು. ಹೆಸರು ಬದಲಾಯಿಸಿದ್ದೆವು. ಅಷ್ಟು ಸಾಕು ಅಂದುಕೊಂಡೆವು. ಆದರೆ ಅಪ್ಪನ ಕಸುಬು, ಅಣ್ಣ ತಮ್ಮಂದಿರ ಸಂಖ್ಯೆ, ಮನೆಯ ಹಿಂದಿನ ಸೇತುವೆ ಹಾಗೇ ಉಳಿದಿದ್ದವು. ಅವಳ ಕಡೆಯವರೊಬ್ಬರು ಓದಿ ಗುರುತು ಹಿಡಿದರು. ಊರಲ್ಲೇ ಉಳಿದಿದ್ದ ಅವಳ ಚಿಕ್ಕಪ್ಪನನ್ನು ಜನ ಪ್ರಶ್ನೆ ಮಾಡಿದರಂತೆ. ಉಳಿದ ಪ್ರತಿಗಳನ್ನೆಲ್ಲ ವಾಪಸ್ ತಂದು ಹರಿದುಹಾಕಿದೆವು. ಆಗಲೇ ಕೈ ದಾಟಿದ್ದವು ದಾಟಿದ್ದವು. ಅವಳು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಮೇಲೆ ಪದ್ಧತಿ ಬದಲಾಯಿತು, ಖರ್ಚೂ ಏರಿತು. ಈಗ ಪ್ರತಿ ಕಥೆಯನ್ನೂ ಅಚ್ಚಿಗೆ ಮುಂಚೆ ಹೇಳಿದವರಿಗೇ ಅವರ ಭಾಷೆಯಲ್ಲಿ ಓದಿ ಹೇಳುತ್ತೇವೆ. ಯಾವ ಸಾಲು ಬೇಕಾದರೂ ತೆಗೆಸಬಹುದು. ಕೊನೇ ಗಳಿಗೆಯಲ್ಲಿ "ಬೇಡ" ಅಂದರೂ ಯಾಕೆ ಅಂತ ಕೇಳುವುದಿಲ್ಲ. ಹೀಗೆ ಪೂರ್ತಿ ತಯಾರಾದ ಕಥೆಗಳನ್ನು ಬಿಟ್ಟದ್ದೂ ಇದೆ. ದಾನಿಗಳ ಲೆಕ್ಕದಲ್ಲಿ ಅದು ನಷ್ಟ. ನಮ್ಮ ಲೆಕ್ಕದಲ್ಲಿ ಅಲ್ಲ.

ನಿಮ್ಮ ಹಣದ ದೊಡ್ಡ ಪಾಲು ಹೋಗುವುದು ದುಭಾಷಿಗಳಿಗೆ. ಭಾಷೆ ಬಂದರೆ ಸಾಲದು. ನೆಂಟರಾಗಿರಬಾರದು. ಯಾರ ಭಯಕ್ಕೆ ಓಡಿಬಂದರೋ ಆ ಕಡೆಯವರ ಹಾಗೆ ಮಾತಾಡುವವರು ಎದುರು ಕೂತರೆ ಬಾಯಿ ಕಟ್ಟಿಹೋಗುತ್ತದೆ. ಅಂಥ ಸೂಕ್ಷ್ಮ ಗೊತ್ತಿರುವವರು ಕಡಿಮೆ, ಅವರನ್ನು ಬಿಟ್ಟಿ ದುಡಿಸುವುದು ತಪ್ಪು. ಆಮೇಲೆ ರೆಕಾರ್ಡಿಂಗನ್ನು ಬರಹಕ್ಕಿಳಿಸುವ ಕೆಲಸ. ಒಂದು ಗಂಟೆಯ ಮಾತನ್ನು ಬರೆದು, ಅನುವಾದಿಸಿ, ಮತ್ತೆ ಕೇಳಿ ಸರಿಮಾಡಲು ಎರಡು ಮೂರು ದಿನ ಹಿಡಿಯುತ್ತದೆ. ಹೇಳುತ್ತಾ ಹೇಳುತ್ತಾ ಯಾರಾದರೂ ಕುಸಿದರೆ ನೋಡಿಕೊಳ್ಳಲು ಒಬ್ಬ ಆಪ್ತಸಮಾಲೋಚಕಿ ಇದ್ದಾರೆ. ಬಂದುಹೋಗುವ ಖರ್ಚು ಕೊಡುತ್ತೇವೆ, ಕೆಲಸ ಬಿಟ್ಟು ಬಂದಿದ್ದರೆ ಆ ದಿನದ ಕೂಲಿಯನ್ನೂ ಕೊಡುತ್ತೇವೆ. ಕಥೆಗೆ ಮಾತ್ರ ದುಡ್ಡು ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರಿಗೆ ಬೇಕಾದ ಕಥೆಯೇ ಬರುತ್ತದೆ. ಅಚ್ಚು, ಕಾಗದ ಇವೆಲ್ಲದರಲ್ಲಿ ಚಿಕ್ಕ ಪಾಲು.

ಜೂನ್ 20 ವಿಶ್ವ ನಿರಾಶ್ರಿತರ ದಿನ. 2001ರಿಂದ ಆಚರಿಸುತ್ತಾರೆ. ಮುಂದಿನ ಪುಸ್ತಕ ಅಷ್ಟರೊಳಗೆ ಬರಲಿ ಅಂತ ನಮಗೂ ಇದೆ. ಆದರೆ ಆ ದಿನಕ್ಕಾಗಿ ಯಾರನ್ನೂ ಅವಸರ ಮಾಡುವುದಿಲ್ಲ. ತಡವಾದರೆ ತಡ.

ಎಷ್ಟು ಕೊಡಬೇಕು ಅಂತ ನಾವು ಹೇಳುವುದಿಲ್ಲ. ಒಂದೇ ಸಲ ದೊಡ್ಡದು ಕೊಡುವುದಕ್ಕಿಂತ ತಿಂಗಳು ತಿಂಗಳು ಚಿಕ್ಕದು ಕೊಟ್ಟರೆ ನಮಗೆ ಅನುಕೂಲ, ದುಭಾಷಿಗಳಿಗೆ ಮುಂಚೆಯೇ ಮಾತು ಕೊಡಬಹುದು. ದುಡ್ಡು ಕಷ್ಟ ಅನ್ನುವವರು, ಎರಡು ಭಾಷೆ ಚೆನ್ನಾಗಿ ಬಂದರೆ, ಸಮಯ ಕೊಡಿ. ತರಬೇತಿ ನಾವು ಕೊಡುತ್ತೇವೆ. ವರ್ಷದ ಕೊನೆಗೆ ಖರ್ಚಿನ ಲೆಕ್ಕ ಎಲ್ಲ ದಾನಿಗಳಿಗೂ ಕಳಿಸುತ್ತೇವೆ, ಬಿಟ್ಟ ಕಥೆಗಳ ಸಂಖ್ಯೆಯೂ ಅದರಲ್ಲಿರುತ್ತದೆ.

ಹಣ ಕಳಿಸುವಾಗ ರಸೀದಿಯಲ್ಲಿ ನಿಮ್ಮ ಹೆಸರು ಹೇಗಿರಬೇಕು ಅಂತ ಬರೆದು ತಿಳಿಸಿ. ಒಂದೇ ಹೆಸರಿದ್ದರೆ ಒಂದೇ ಬರೆಯುತ್ತೇವೆ. ನಮ್ಮ ರಸೀದಿ ಪುಸ್ತಕದಲ್ಲಿ ಹೆಸರಿಗೆ ಒಂದು ಉದ್ದ ಗೆರೆ ಬಿಟ್ಟಿದ್ದೇವೆ, ಡಬ್ಬಿಗಳಿಲ್ಲ.

ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಪರವಾಗಿ