ಮೂತ್ರದ ಟ್ಯೂಬ್ ಇಂದೂ ಬೇಕೇ?

ಮಾನ್ಯರೆ,

31 ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದ ನಾನು, ಕಳೆದ ಮಳೆಗಾಲದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಕ್ಕನ ಬೈಸ್ಟ್ಯಾಂಡರ್ (ರೋಗಿಯ ಜೊತೆಗಿದ್ದು ನೋಡಿಕೊಳ್ಳುವವಳು) ಆಗಿ ಕೇರಳ-ಕರ್ನಾಟಕ ಗಡಿಭಾಗದ ಆಸ್ಪತ್ರೆಯೊಂದರಲ್ಲಿ 11 ದಿನ ಉಳಿದಿದ್ದೆ. ಶಸ್ತ್ರಚಿಕಿತ್ಸೆಗೆಂದು ಹಾಕಿದ ಮೂತ್ರದ ಟ್ಯೂಬನ್ನು, ಅಕ್ಕ ವಾಕರ್ ಹಿಡಿದು ಶೌಚಾಲಯದವರೆಗೆ ನಡೆಯತೊಡಗಿದ ಮೇಲೂ ತೆಗೆದಿರಲಿಲ್ಲ. 8ನೆಯ ದಿನ ಚಳಿಜ್ವರ ಬಂತು; ಮೂತ್ರದ ಸೋಂಕೆಂದು ಪರೀಕ್ಷೆಯಲ್ಲಿ ತಿಳಿಯಿತು.

ಟ್ಯೂಬ್ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ರೋಗಾಣು ಸೇರುವ ಸಂಭವ ಶೇ. 3ರಿಂದ 7ರಷ್ಟು ಇರುತ್ತದೆ. ಹೊಳೆಯ ಕಲ್ಲಿಗೆ ಪಾಚಿ ಹಿಡಿದಂತೆ ಅವು ಟ್ಯೂಬಿಗೆ ಅಂಟಿ ಪೊರೆ ಕಟ್ಟಿಕೊಂಡ ಮೇಲೆ ಆಂಟಿಬಯೋಟಿಕ್ ಕೂಡ ಸುಲಭವಾಗಿ ಅವುಗಳನ್ನು ತಲುಪದು. ಆದ್ದರಿಂದ ಬೆಳಗಿನ ಪಾಳಿಯ ಸಿಸ್ಟರ್ ದಿನವೂ ವೈದ್ಯರಲ್ಲಿ 'ಇವರಿಗೆ ಇಂದೂ ಟ್ಯೂಬ್ ಬೇಕೇ' ಎಂದು ಕೇಳುವುದೇ ಮೊದಲ ಶುಶ್ರೂಷೆ. ಬಟ್ಟೆ, ಹಾಸಿಗೆ ಬದಲಿಸಲು ಕೈಗಳು ಸಾಲದ ವಾರ್ಡಿನಲ್ಲಿ ಟ್ಯೂಬ್ ಇದ್ದರೆ ಅನುಕೂಲವೆಂಬುದು ನಿಜ, ದೊಡ್ಡ ಡಾಕ್ಟರರನ್ನು ಕೇಳಲು ಸಂಕೋಚವೂ ಇದೆ. ಸೇವೆಯ ಆರಂಭದಲ್ಲಿ ನಾನೂ ಕೇಳದೆ ಸುಮ್ಮನಿದ್ದವಳೇ. ಟ್ಯೂಬ್ ಹಾಕಿದ ದಿನಾಂಕವನ್ನು ಬ್ಯಾಗಿನ ಮೇಲೆ ಎದ್ದುಕಾಣುವಂತೆ ಬರೆದಿಟ್ಟರೆ ಆ ಸಂಕೋಚ ಅರ್ಧ ಕಳೆಯುತ್ತದೆ.

ಅಕ್ಕನನ್ನು ಎಕ್ಸ್‌ರೇಗೆ ಒಯ್ಯುವಾಗ ಅಟೆಂಡರ್ ಮೂತ್ರದ ಬ್ಯಾಗನ್ನೆತ್ತಿ ಅವಳ ಹೊಟ್ಟೆಯ ಮೇಲಿಟ್ಟರು; ಕೊಳವೆಯಲ್ಲಿದ್ದ ಮೂತ್ರ ಹಿಂದಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತಿತ್ತು. ಬ್ಯಾಗ್ ಸದಾ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗಬೇಕು. ಬ್ಯಾಗನ್ನು ಮುಟ್ಟುವ ಮೊದಲೂ ಅನಂತರವೂ ಕೈ ತೊಳೆಯಬೇಕು. ಬ್ಯಾಗಿನ ಮೂತ್ರ ಬಸಿಯಲು ಪ್ರತಿ ರೋಗಿಗೂ ಬೇರೆ ಪಾತ್ರೆ ಇರಬೇಕು, ಬ್ಯಾಗಿನ ನಳಿಕೆ ಅದಕ್ಕೆ ತಾಗಬಾರದು. ಟ್ಯೂಬು-ಬ್ಯಾಗಿನ ಜೋಡಣೆಯನ್ನು ಸುಮ್ಮನೆ ಬಿಡಿಸಕೂಡದು. ಟ್ಯೂಬ್ ಹೊರಬರುವ ಜಾಗವನ್ನು ದಿನವೂ ಸಾಬೂನು ನೀರಿನಲ್ಲಿ ಶುಚಿ ಮಾಡಿದರೆ ಸಾಕು.

ವಾಸ್ತವದಲ್ಲಿ ಬ್ಯಾಗ್ ಖಾಲಿ ಮಾಡುವವರು ಹೆಚ್ಚಾಗಿ ಬೈಸ್ಟ್ಯಾಂಡರ್‌ಗಳೇ. ಪಕ್ಕದ ಹಾಸಿಗೆಯ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಎಣ್ಮಕಜೆ ಕಡೆಯ ಅಮ್ಮನೊಬ್ಬರು, ಸಿಸ್ಟರ್ ಮಲಯಾಳದಲ್ಲಿ ವಿವರಿಸಿದ್ದಕ್ಕೆಲ್ಲ ತಲೆಯಾಡಿಸಿ, ಅವರು ಅತ್ತ ಹೋದದ್ದೇ ತಡ, ನನ್ನತ್ತ ತಿರುಗಿ 'ಅವರು ಎಂತ ಹೇಳಿದ್ದು?' ಎಂದು ಕೇಳಿದರು. ಆ ಸಿಸ್ಟರ್ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಕಾಸರಗೋಡು ಜಿಲ್ಲೆಯ ಆಸ್ಪತ್ರೆಗಳಲ್ಲಿ ಈ ಸೂಚನೆಗಳನ್ನು ಮಲಯಾಳದ ಜೊತೆಗೆ ಕನ್ನಡದಲ್ಲೂ ಬರೆದು ಹಾಸಿಗೆಯ ಬಳಿ ತೂಗುಹಾಕಬೇಕು. ಟ್ಯೂಬಿನೊಂದಿಗೇ ಮನೆಗೆ ಮರಳುವ, ಪಂಚಾಯತಿನ ಪಾಲಿಯೇಟಿವ್ (ಮನೆ ಆರೈಕೆಯ) ಸಿಸ್ಟರ್ ಬರುವ ದಿನಕ್ಕಾಗಿ ಕಾಯುವ ರೋಗಿಗಳ ಕೈಗೂ ಅದರ ಪ್ರತಿಯೊಂದನ್ನು ಕೊಡಬೇಕೆಂದು ಆರೋಗ್ಯ ಇಲಾಖೆಯನ್ನು ವಿನಂತಿಸುತ್ತೇನೆ.

– ನಿವೃತ್ತ ಶುಶ್ರೂಷಕಿ, ಬದಿಯಡ್ಕ